ದ್ವೀಪದಲ್ಲಿ ಎರಡು ನುಡಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾತ್ರಿ ಪಾಳಿ ಮುಗಿಸಿ, ನಿದ್ದೆಯನ್ನು ಅರ್ಧಕ್ಕೆ ಬಿಟ್ಟು ಬಂದ ನಿಮ್ಮ ಮುಂದೆ ಸಿಲೋನಿನ ಮಾತನ್ನು ಎತ್ತುವುದೇಕೆ ಎಂದು ಕೆಲವರಿಗಾದರೂ ಅನಿಸಬಹುದು. ಪಗಾರದ ಮಾತಾಡಿ, ಖೋಲಿಯ ಮಾತಾಡಿ, ಮಕ್ಕಳ ಶಾಲೆಯ ಮಾತಾಡಿ ಎಂದು ನೀವು ಕೇಳಿದರೆ ಅದು ನ್ಯಾಯವೇ. ಆದರೆ ಸಿಂಹಳ ದ್ವೀಪದಲ್ಲಿ ನಡೆದದ್ದು ಈ ಮೂರರ ಕತೆಯೇ ಆಗಿದೆ. ದುಡಿಯಲು ಬಂದವನಿಗೆ ಊರು ಯಾವುದು, ಅವನ ಮತಕ್ಕೆ ಬೆಲೆ ಇದೆಯೋ ಇಲ್ಲವೋ, ಅವನ ಮಗು ಯಾವ ಭಾಷೆಯಲ್ಲಿ ಓದಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ತಪ್ಪು ಉತ್ತರ ಕೊಟ್ಟರು. ಅದರ ಬೆಲೆಯನ್ನು ಮೂರು ತಲೆಮಾರುಗಳು ತೆತ್ತವು. ಅವೇ ಪ್ರಶ್ನೆಗಳು ನಮ್ಮೆದುರಿಗೂ ಇವೆ. ಆದುದರಿಂದ ನೆರೆಮನೆಯ ಬೆಂಕಿಯನ್ನು ನೋಡಿ ನಮ್ಮ ಮಾಡನ್ನು ಪರೀಕ್ಷಿಸಿಕೊಳ್ಳುವುದು ಬುದ್ಧಿವಂತಿಕೆ ಎಂದು ನಾವು ತಿಳಿದಿದ್ದೇವೆ.

ಮೊದಲು ನಾವು ನಿಂತಿರುವ ನೆಲವನ್ನು ನೋಡೋಣ. ಮುಂಬಯಿಯೂ ದ್ವೀಪವೇ. ಒಂದಲ್ಲ, ಏಳು ದ್ವೀಪ: ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರ್ಳಿ, ಮಾಹೀಮ್. ಅವುಗಳ ನಡುವಿನ ಕಡಲನ್ನು ಮಣ್ಣು ಕಲ್ಲು ತುಂಬಿ ಒಂದಾಗಿಸಿದರು. ಇಲ್ಲಿಯ ಆದಿವಾಸಿಗಳು ಮೀನು ಹಿಡಿಯುವ ಕೋಳಿಗಳು. ಅವರ ದೇವಿ ಮುಂಬಾದೇವಿಯ ಹೆಸರೇ ಊರಿಗೆ ಬಂದಿದೆ. 1661ರಲ್ಲಿ ಪೋರ್ತುಗೀಜರು ತಮ್ಮ ರಾಜಕುಮಾರಿಯ ಮದುವೆಯಲ್ಲಿ ಈ ನೆಲವನ್ನು ಇಂಗ್ಲೆಂಡಿನ ಅರಸನಿಗೆ ಬಳುವಳಿ ಕೊಟ್ಟರು. 1668ರಲ್ಲಿ ಆ ಅರಸನು ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಕಂಪನಿಗೆ ಒಪ್ಪಿಸಿದನು. 1854ರಲ್ಲಿ ಕಾವಸಜಿ ದಾವರರು ಹತ್ತಿಯ ಗಿರಣಿಗೆ ಅಡಿಪಾಯ ಹಾಕಿದ ಮೇಲೆ ಕೊಂಕಣದಿಂದ, ಘಟ್ಟದ ಮೇಲಿನಿಂದ, ಗುಜರಾತದಿಂದ, ಉತ್ತರದೇಶದಿಂದ, ತೆಲುಗು ನಾಡಿನಿಂದ, ನಮ್ಮ ಕರಾವಳಿಯಿಂದ ಮತ್ತು ಬಯಲುಸೀಮೆಯಿಂದ ಜನ ಬಂದರು. ಕೋಳಿಗಳನ್ನು ಬಿಟ್ಟರೆ ಇಲ್ಲಿ ಎಲ್ಲರ ಅಜ್ಜನೂ ಒಂದಲ್ಲ ಒಂದು ದಿನ ಗಂಟು ಹೊತ್ತು ಇಳಿದವನೇ.

ಈಗ ಸಿಂಹಳಕ್ಕೆ ಹೋಗೋಣ. ಆ ದ್ವೀಪದಲ್ಲಿ ಸಿಂಹಳೀಯರು ಬಹುಸಂಖ್ಯಾತರು, ಹೆಚ್ಚಿನವರು ಬೌದ್ಧರು. ತಮಿಳರು ಎರಡು ಬಗೆ. ಉತ್ತರದ ಜಾಫ್ನಾದಲ್ಲಿಯೂ ಪೂರ್ವ ಕರಾವಳಿಯಲ್ಲಿಯೂ ಶತಮಾನಗಳಿಂದ ನೆಲೆಸಿದವರು ಒಂದು. ಇಂಗ್ಲಿಷರ ಕಾಲದಲ್ಲಿ ಕಾಫಿ ಮತ್ತು ಚಹಾ ತೋಟಗಳ ಕೆಲಸಕ್ಕೆ ತಮಿಳುನಾಡಿನಿಂದ ಹೋದ ಕೂಲಿಗಳು ಇನ್ನೊಂದು. ಇವರಲ್ಲದೆ ತಮಿಳು ಮಾತನಾಡುವ ಮುಸಲ್ಮಾನರೂ ಇದ್ದಾರೆ.

ಇವರೆಲ್ಲ ಆದಿಯಿಂದಲೂ ಹಾವು ಮುಂಗುಸಿಗಳಂತಿದ್ದರು ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ಸಿಂಹಳೀಯರ ಹಳೆಯ ಗ್ರಂಥವಾದ ಮಹಾವಂಶದಲ್ಲಿ ದುಟ್ಟಗಾಮಣಿ ಎಂಬ ಸಿಂಹಳ ಅರಸನು ಎಲಾರನೆಂಬ ತಮಿಳು ಅರಸನನ್ನು ಯುದ್ಧದಲ್ಲಿ ಕೊಂದ ಕತೆ ಇದೆ. ಜಗಳ ಹಚ್ಚುವವರು ಅಷ್ಟನ್ನೇ ಹೇಳುತ್ತಾರೆ. ಅದೇ ಗ್ರಂಥದಲ್ಲಿ, ಗೆದ್ದ ಅರಸನು ಸತ್ತವನಿಗೆ ಸಮಾಧಿ ಕಟ್ಟಿಸಿ, ಅದರ ಮುಂದೆ ಹಾದುಹೋಗುವಾಗ ವಾದ್ಯ ನುಡಿಸಬಾರದೆಂದು ಮರ್ಯಾದೆ ಸಲ್ಲಿಸಿದನೆಂದೂ ಇದೆ. ಕ್ಯಾಂಡಿಯ ಕೊನೆಯ ಅರಸನು ದಕ್ಷಿಣ ಭಾರತದ ನಾಯಕ ಮನೆತನದವನು. ಸಿಂಹಳ ಪ್ರಜೆಗಳೇ ಅವನನ್ನು ತಮ್ಮ ರಾಜನೆಂದು ಒಪ್ಪಿದ್ದರು. 1815ರಲ್ಲಿ ಇಂಗ್ಲಿಷರು ಅವನನ್ನು ಇಳಿಸಿ ವೆಲ್ಲೂರಿಗೆ ಸಾಗಿಸಿದರು. ಕತರಗಾಮದ ದೇವರಿಗೆ ಇಬ್ಬರೂ ನಡೆದುಕೊಳ್ಳುತ್ತಾರೆ. ತಮಿಳರ ಕಣ್ಣಗಿ ಸಿಂಹಳದಲ್ಲಿ ಪತ್ತಿನಿ ದೇವಿ. ಇಬ್ಬರಿಗೂ ಹೊಸ ವರ್ಷ ಒಂದೇ, ಏಪ್ರಿಲ್ ನಡುವಿನಲ್ಲಿ ಬರುವ ಸೌರ ಯುಗಾದಿ. ನಮ್ಮ ತುಳುನಾಡಿನವರು ಬಿಸು ಕಣಿ ಇಟ್ಟು ಆಚರಿಸುವ ಹಬ್ಬವೂ ಅದೇ ಸಮಯದ್ದು. ಹೀಗೆ ಬಾಳಿದ ಜನ ಕಾದಾಡಿದ್ದು ಹೇಗೆ?

ಕಾಮಗಾರರಾದ ನಾವು ತೋಟದ ಕೂಲಿಯಿಂದಲೇ ಆರಂಭಿಸೋಣ. 1869ರಿಂದ ಎಲೆರೋಗ ತಗಲಿ ಕಾಫಿ ಹಾಳಾದ ಮೇಲೆ ಬೆಟ್ಟಗಳ ತುಂಬ ಚಹಾ ಬೆಳೆಯಿತು. ಕೂಲಿಗಳನ್ನು ಊರಿಂದ ಕರೆತರುವವನು ಕಂಗಾಣಿ. ಅವನೇ ಮುಂಗಡ ಕೊಡುವವನು, ಅವನೇ ಕೆಲಸ ಹಂಚುವವನು, ಅವನೇ ಸಾಲದಲ್ಲಿ ಸಿಕ್ಕಿಸುವವನು. ಗಿರಣಿಯ ಜಾಬರನನ್ನು ಕಂಡ ಹಿರಿಯರಿಗೆ ಕಂಗಾಣಿ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ವಾಸಕ್ಕೆ ಸಾಲು ಸಾಲು ಕೋಣೆಗಳು. ಒಂದು ಕೋಣೆಯಲ್ಲಿ ಒಂದು ಸಂಸಾರ. ಇದನ್ನೂ ಚಾಳಿನಲ್ಲಿ ಬಾಳಿದವರಿಗೆ ವರ್ಣಿಸಬೇಕಿಲ್ಲ. ನಾವು ಇಲ್ಲಿಯ ಹೊಟೇಲುಗಳಲ್ಲಿ ಲಕ್ಷಾಂತರ ಕಪ್ಪು ಕುದಿಸಿ ಕೊಟ್ಟ ಚಹಾದ ಹೆಸರಿನ ಹಿಂದೆ ಅಂತಹ ಒಂದು ಜನಾಂಗದ ಬೆವರು ಇದೆ.

1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ನಾಗರಿಕತ್ವದ ಕಾಯಿದೆ ಬಂತು. ಅಲ್ಲಿಯೇ ಹುಟ್ಟಿದ್ದರೆ ಸಾಲದು; ತಂದೆ ಅಲ್ಲಿ ಹುಟ್ಟಿದ್ದನೆಂದೋ, ಅಜ್ಜ ಮುತ್ತಜ್ಜ ಅಲ್ಲಿ ಹುಟ್ಟಿದ್ದರೆಂದೋ ರುಜುವಾತು ಕೊಡಬೇಕು. ತೋಟದ ಕೂಲಿಯ ಮುತ್ತಜ್ಜನ ಹುಟ್ಟನ್ನು ಯಾವ ಕಚೇರಿ ಬರೆದಿಟ್ಟಿತ್ತು? ಸುಮಾರು ಏಳು ಲಕ್ಷ ಜನ ಒಂದೇ ಕಾಯಿದೆಯಿಂದ ಯಾವ ದೇಶದವರೂ ಅಲ್ಲದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು. ಏಕೆ ಹೀಗೆ ಮಾಡಿದರು? 1947ರ ಚುನಾವಣೆಯಲ್ಲಿ ತೋಟದ ಕೆಲಸಗಾರರ ಸಂಘಟನೆಯಿಂದ ಏಳು ಜನ ಪಾರ್ಲಿಮೆಂಟಿಗೆ ಆರಿಸಿ ಬಂದಿದ್ದರು. ಬೇರೆ ಕ್ಷೇತ್ರಗಳಲ್ಲಿ ಇವರ ಮತ ಎಡಪಕ್ಷಗಳಿಗೆ ಬಲ ಕೊಟ್ಟಿತ್ತು. ಭಾಷೆಯ ಭಯಕ್ಕಿಂತ ಕೂಲಿಯ ಕೈಯಲ್ಲಿದ್ದ ಮತದ ಭಯವೇ ಅಲ್ಲಿ ಮೊದಲು ಕೆಲಸ ಮಾಡಿತು ಎಂಬುದನ್ನು ನಾವು ಮರೆಯಬಾರದು.

ಇನ್ನೊಂದನ್ನೂ ಮರೆಯಬಾರದು. ಜಾಫ್ನಾದ ತಮಿಳು ಮುಂದಾಳುಗಳಲ್ಲಿ ಕೆಲವರು ಆ ಸರಕಾರದೊಡನೆ ಸೇರಿಕೊಂಡರು. ತೋಟದ ಕೂಲಿ ಬಡವ, ಕೆಳಜಾತಿಯವ, ಹೊರಗಿನಿಂದ ಬಂದವ, ಅವನಿಗಾದದ್ದು ತಮಗೇಕೆ ಎಂಬ ಭಾವನೆ. ಚೆಲ್ವನಾಯಕಂ ಒಬ್ಬರು ಪ್ರತಿಭಟಿಸಿ ಹೊರಬಂದು 1949ರಲ್ಲಿ ಬೇರೆ ಪಕ್ಷ ಕಟ್ಟಿದರು. ಏಳೇ ವರ್ಷಗಳಲ್ಲಿ ಪೆಟ್ಟು ಜಾಫ್ನಾದ ಬಾಗಿಲಿಗೇ ಬಂತು.

ಆ ಪೆಟ್ಟು ಭಾಷೆಯ ಕಾಯಿದೆ. ಇಲ್ಲಿ ಸಿಂಹಳೀಯರ ದೂರನ್ನೂ ನ್ಯಾಯವಾಗಿ ಕೇಳಬೇಕು. ಆಡಳಿತವೆಲ್ಲ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಬಲ್ಲವರು ಬೆರಳೆಣಿಕೆಯ ಜನ. ಜಾಫ್ನಾದಲ್ಲಿ ಮಿಶನರಿ ಶಾಲೆಗಳು ಬೇಗ ಬಂದದ್ದರಿಂದ ಸರಕಾರಿ ನೌಕರಿಗಳಲ್ಲಿ ತಮಿಳರು ತಮ್ಮ ಸಂಖ್ಯೆಗಿಂತ ಹೆಚ್ಚಿದ್ದರು. ಸಿಂಹಳ ಹಳ್ಳಿಯ ಓದಿದ ಹುಡುಗ ತನ್ನ ನಾಡಿನ ಕಚೇರಿಯಲ್ಲಿ ತನ್ನ ನುಡಿಯಲ್ಲಿ ಒಂದು ಅರ್ಜಿ ಬರೆಯಲಾರದಿದ್ದನು. ಅವನ ಸಂಕಟ ಸುಳ್ಳಲ್ಲ. ಅದಕ್ಕೆ ಮದ್ದೂ ಇತ್ತು. 1944ರಲ್ಲಿಯೇ ಅಲ್ಲಿಯ ಶಾಸನಸಭೆ ಇಂಗ್ಲಿಷಿನ ಜಾಗದಲ್ಲಿ ಸಿಂಹಳ ಮತ್ತು ತಮಿಳು ಎರಡನ್ನೂ ತರಬೇಕೆಂದು ಠರಾವು ಮಾಡಿತ್ತು. ಆ ಮದ್ದನ್ನು ಕುಡಿದಿದ್ದರೆ ರೋಗ ವಾಸಿಯಾಗುತ್ತಿತ್ತು.

ದುಡಿಯುವವರು ಒಂದಾಗಬಲ್ಲರೆಂಬುದಕ್ಕೂ ಸಾಕ್ಷಿ ಇತ್ತು. 1953ರಲ್ಲಿ ಸರಕಾರ ಪಡಿತರದ ಅಕ್ಕಿಯ ದರವನ್ನು 25 ಸೆಂಟುಗಳಿಂದ 70 ಸೆಂಟುಗಳಿಗೆ ಏರಿಸಿತು. ಆಗಸ್ಟ್ 12ರಂದು ಹರತಾಳ ನಡೆಯಿತು. ಸಿಂಹಳೀಯರೂ ತಮಿಳರೂ ಕೂಡಿ ಕೆಲಸ ನಿಲ್ಲಿಸಿದರು. ಪ್ರಧಾನಮಂತ್ರಿ ಡಡ್ಲಿ ಸೇನಾನಾಯಕರು ರಾಜೀನಾಮೆ ಕೊಡಬೇಕಾಯಿತು. ಅಕ್ಕಿಯ ಪ್ರಶ್ನೆಯಲ್ಲಿ ಒಂದಾಗಿದ್ದ ಜನ ಮೂರೇ ವರ್ಷಗಳಲ್ಲಿ ಭಾಷೆಯ ಪ್ರಶ್ನೆಯಲ್ಲಿ ಎರಡಾದರು. 1956ರಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಸಿಂಹಳವನ್ನೇ ಆಡಳಿತ ಭಾಷೆ ಮಾಡುತ್ತೇವೆಂದು ಸಾರಿ ಬಂಡಾರನಾಯಕೆಯವರು ಚುನಾವಣೆ ಗೆದ್ದರು, ಕಾಯಿದೆ ಮಾಡಿದರು. ತಮಿಳಿಗೆ ಜಾಗವಿಲ್ಲ. ಕೊಲಂಬೊದ ಕಡಲ ಬಯಲಿನಲ್ಲಿ ಸತ್ಯಾಗ್ರಹಕ್ಕೆ ಕುಳಿತ ತಮಿಳು ಮುಂದಾಳುಗಳ ಮೇಲೆ ಗುಂಪು ಬಿದ್ದು ಹೊಡೆಯಿತು.

ಅಂದು ಸಭೆಯಲ್ಲಿ ಕಾಮಗಾರ ಪಕ್ಷದ ಕಾಲ್ವಿನ್ ಡಿ ಸಿಲ್ವಾ ಎಂಬ ಸಿಂಹಳೀಯರು ಎದ್ದು ನಿಂತು, ಎರಡು ನುಡಿಗಳಿಗೆ ಜಾಗ ಕೊಟ್ಟರೆ ಒಂದೇ ರಾಷ್ಟ್ರ ಉಳಿದೀತು, ಒಂದೇ ನುಡಿ ಎಂದರೆ ಎರಡು ರಾಷ್ಟ್ರವಾದೀತು ಎಂಬ ಅರ್ಥದ ಎಚ್ಚರಿಕೆ ಕೊಟ್ಟರು. ಎಷ್ಟು ಸತ್ಯವಾದ ಮಾತು! ಆದರೆ ಬಂಧುಗಳೇ, ಮುಂದಿನದನ್ನೂ ಕೇಳಿ. ಅವರ ಪಕ್ಷ 1964ರಲ್ಲಿ ಅಧಿಕಾರದ ಪಾಲಿಗಾಗಿ ಅದೇ ಸಿಂಹಳ ಪಕ್ಷದ ಜೊತೆಗೂಡಿತು. 1972ರಲ್ಲಿ ಬೌದ್ಧಧರ್ಮಕ್ಕೆ ಅಗ್ರಸ್ಥಾನ, ಸಿಂಹಳಕ್ಕೆ ಮಾತ್ರ ಆಡಳಿತಭಾಷೆಯ ಪಟ್ಟ ಎಂದು ಬರೆದ ಸಂವಿಧಾನವನ್ನು ಸಿದ್ಧಪಡಿಸಿದ ಮಂತ್ರಿ ಇದೇ ಕಾಲ್ವಿನ್ ಡಿ ಸಿಲ್ವಾ. ಕಾಮಗಾರರ ಮುಂದಾಳು ಭಾಷೆಯ ಬಿರುಗಾಳಿಗೆ ಬಾಗಿದರೆ ಕಾಮಗಾರನಿಗೆ ನಿಲ್ಲಲು ಕಂಬವೇ ಇಲ್ಲ. ಸಿಂಹಳದ ಪಾಠಗಳಲ್ಲಿ ನಮಗೆ ಅತ್ಯಂತ ಕಹಿಯಾದದ್ದು ಇದು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇವೆ. 1957ರಲ್ಲಿ ಬಂಡಾರನಾಯಕೆ ಮತ್ತು ಚೆಲ್ವನಾಯಕಂ ಒಪ್ಪಂದ ಮಾಡಿಕೊಂಡರು. ಭಿಕ್ಷುಗಳ ಮತ್ತು ವಿರೋಧಪಕ್ಷದ ಗದ್ದಲಕ್ಕೆ ಹೆದರಿ 1958ರಲ್ಲಿ ಅದನ್ನು ಹರಿದುಹಾಕಿದರು. ಆ ವರ್ಷವೇ ದೊಡ್ಡ ದಂಗೆಯಾಯಿತು. 1959ರಲ್ಲಿ ಬಂಡಾರನಾಯಕೆಯವರೇ ಒಬ್ಬ ಭಿಕ್ಷುವಿನ ಗುಂಡಿಗೆ ಬಲಿಯಾದರು. ತಾವು ಎಬ್ಬಿಸಿದ ಹುಲಿಯಿಂದ ತಾವೇ ಇಳಿಯಲಾಗಲಿಲ್ಲ. 1964ರಲ್ಲಿ ಶಾಸ್ತ್ರೀಜಿ ಮತ್ತು ಸಿರಿಮಾವೊ ಅವರು ತೋಟದ ಕೂಲಿಗಳನ್ನು ಹಂಚಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ಮಾತು ಮುಂದಕ್ಕೆ. ಚಹಾ ಪೆಟ್ಟಿಗೆಗಳನ್ನು ಹಂಚಿದಂತೆ ಮನುಷ್ಯರನ್ನು ಹಂಚಿದರು. ಯಾವ ಕೂಲಿಯನ್ನೂ ನಿನಗೆಲ್ಲಿ ಇರಬೇಕಪ್ಪಾ ಎಂದು ಆ ಮೇಜಿನ ಮುಂದೆ ಕರೆದು ಕೇಳಲಿಲ್ಲ. 1981ರಲ್ಲಿ ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ತೊಂಬತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳು, ತಾಳೆಗರಿಗಳು ಬೂದಿಯಾದವು. 1983ರ ಜುಲೈಯಲ್ಲಿ ಹದಿಮೂರು ಸೈನಿಕರನ್ನು ಹುಲಿಗಳು ಕೊಂದರು. ಅದರ ಸೇಡಿಗೆ ಕೊಲಂಬೊದಲ್ಲಿ ಮತದಾರರ ಪಟ್ಟಿ ಹಿಡಿದು ಮನೆ ಮನೆ ಹುಡುಕಿ ತಮಿಳರನ್ನು ಸುಟ್ಟರು, ಕೊಂದರು. ಅಲ್ಲಿಂದ ಯುದ್ಧ.

ನೊಂದವರ ಕೈಗೆ ಬಂದೂಕು ಬಂದಾಗ ಅವರೂ ಬೇರೆಯಾಗಿ ನಡೆದುಕೊಳ್ಳಲಿಲ್ಲ. 1990ರಲ್ಲಿ ಹುಲಿಗಳು ಉತ್ತರದ ಮುಸಲ್ಮಾನರನ್ನು ಉಟ್ಟ ಬಟ್ಟೆಯಲ್ಲೇ ಊರು ಬಿಡಿಸಿದರು. ಅವರೂ ತಮಿಳು ಮಾತನಾಡುವವರೇ. 1991ರಲ್ಲಿ ನಮ್ಮ ರಾಜೀವ ಗಾಂಧಿಯವರನ್ನು ಕೊಂದರು. 1987ರ ಒಪ್ಪಂದದ ತರುವಾಯ ತಮಿಳಿಗೂ ಆಡಳಿತಭಾಷೆಯ ಸ್ಥಾನ ಸಿಕ್ಕಿತ್ತು. ಮೂವತ್ತು ವರ್ಷ ತಡವಾಗಿ ಬಂದ ನ್ಯಾಯಕ್ಕೆ ಬೆಂಕಿ ಆರಿಸುವ ಶಕ್ತಿ ಇರಲಿಲ್ಲ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸತ್ತವರ ಲೆಕ್ಕ ಎಂಬತ್ತು ಸಾವಿರದಿಂದ ಲಕ್ಷದವರೆಗೆ ಎಂದು ಹೇಳುತ್ತಾರೆ. ತೋಟದ ಕೂಲಿಯ ಮಕ್ಕಳಲ್ಲಿ ಉಳಿದವರಿಗೆ ನಾಗರಿಕತ್ವ ಪೂರ್ತಿಯಾಗಿ ಸಿಕ್ಕಲು 2003ರ ಕಾಯಿದೆ ಬರಬೇಕಾಯಿತು. ಐವತ್ತೈದು ವರ್ಷ!

ಇನ್ನು ನಮ್ಮ ದ್ವೀಪಕ್ಕೆ ಮರಳೋಣ.

ಮರಾಠಿಗೂ ಕನ್ನಡಕ್ಕೂ ಇರುವ ನಂಟು ನೆರೆಹೊರೆಯದಲ್ಲ, ಒಂದೇ ಅಂಗಳದ್ದು. ವೇರೂಳದ ಕೈಲಾಸ ದೇವಾಲಯವನ್ನು ಕಡೆಯಿಸಿದವರು ನಮ್ಮ ರಾಷ್ಟ್ರಕೂಟರು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇರುವ ಮರಾಠಿ ಬರಹವು ಆ ನುಡಿಯ ಅತಿ ಹಳೆಯ ಶಾಸನಗಳಲ್ಲೊಂದು. ದೇವಗಿರಿಯ ಯಾದವರು ನೂರಾರು ಶಾಸನಗಳನ್ನು ಕನ್ನಡದಲ್ಲಿ ಹಾಕಿಸಿದರು. ಪಂಢರಪುರದ ವಿಠಲನನ್ನು ಜ್ಞಾನೇಶ್ವರರು ಕನ್ನಡಿಗನೆಂದೇ ಕರೆದರು. ನಮ್ಮ ಪುರಂದರದಾಸರು ಅವನ ಹೆಸರನ್ನೇ ಅಂಕಿತ ಮಾಡಿಕೊಂಡರು. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಗೆ ಹೋಗಿ ಆಡಿದ್ದನ್ನು ಕಂಡು ಅಲ್ಲಿಯ ದೊರೆ ಮರಾಠಿಯಲ್ಲಿಯೂ ಇಂಥದೊಂದಾಗಲಿ ಎಂದಾಗ, ವಿಷ್ಣುದಾಸ ಭಾವೆ 1843ರಲ್ಲಿ ಮೊದಲ ಮರಾಠಿ ನಾಟಕವನ್ನಾಡಿಸಿದರು. ಮುಂದೆ ಮರಾಠಿ ಕಂಪನಿಗಳ ನಾಟಕ ನೋಡಿ ಗದಗ ಧಾರವಾಡದ ಕಡೆ ಶಾಂತಕವಿಗಳು ಕನ್ನಡ ನಾಟಕ ಕಟ್ಟಿದರು. ಕೊಟ್ಟದ್ದು ಬಡ್ಡಿ ಸಹಿತ ಮರಳಿ ಬಂತು. ಬೇಂದ್ರೆಯವರ ಮನೆಮಾತು ಮರಾಠಿ. ಗದಗಿನ ಭೀಮಸೇನ ಜೋಶಿಯವರ ಅಭಂಗ ಕೇಳದ ಮರಾಠಿ ಮನೆ ಇಲ್ಲ.

ಇಷ್ಟು ಹತ್ತಿರದವರ ನಡುವೆಯೂ ಹೊಗೆ ಎದ್ದಿತು. 1956ರ ನವೆಂಬರ್ 1ರ ಹಿಂದಿನ ದಿನದವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಮುಂಬಯಿಯೇ ರಾಜಧಾನಿ. ಕರ್ನಾಟಕದ ಏಕೀಕರಣವನ್ನು ನಾವು ಹಬ್ಬ ಮಾಡಿ ಸ್ವಾಗತಿಸಿದೆವು. ಆದರೆ ಅದೇ ರಾತ್ರಿ ಗಿರಣಿಯಲ್ಲಿ ಪಾಳಿ ಮಾಡುತ್ತಿದ್ದ ಧಾರವಾಡದವನು ಬೆಳಗಾಗುವುದರೊಳಗೆ ತನ್ನ ರಾಜಧಾನಿಯಲ್ಲಿ ಪರರಾಜ್ಯದವನಾದನು. ಇತ್ತ ಮುಂಬಯಿ ಸಹಿತ ಮಹಾರಾಷ್ಟ್ರ ಬೇಕೆಂದು 1955ರಿಂದ ನಡೆದ ಚಳವಳಿಯಲ್ಲಿ ನೂರೈದಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ಗಿರಣಗಾಂವಿನ ಕಾಮಗಾರರೇ ಆ ಚಳವಳಿಯ ಬೆನ್ನೆಲುಬು. ಹುತಾತ್ಮ ಚೌಕದ ಮುಂದೆ ಹಾದುಹೋಗುವಾಗ, ಅದು ಕನ್ನಡಿಗನಿಗೂ ತಲೆಬಾಗುವ ಸ್ಥಳವೆಂದೇ ನಾವು ತಿಳಿಯುತ್ತೇವೆ. ತನ್ನ ನುಡಿಗೆ ಒಂದು ಮನೆ ಬೇಕೆಂದು ಬೇಡುವುದು ಎಂತಹುದೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು?

1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ರಾಜ್ಯ ಬಂದರೆ ನೌಕರಿ ಬರುತ್ತದೆಂದು ಮರಾಠಿ ತರುಣ ನಂಬಿದ್ದನು, ಬರಲಿಲ್ಲ. ಬಂಡವಾಳ ಬೇರೆಯವರದು, ಕಚೇರಿಯ ಕುರ್ಚಿಗಳಲ್ಲಿ ದಕ್ಷಿಣದವರು ಬಹಳ. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಮಾರ್ಮಿಕ ವಾರಪತ್ರಿಕೆಯಲ್ಲಿ ಪರಭಾಷೆಯ ಅಧಿಕಾರಿಗಳ ಹೆಸರಿನ ಪಟ್ಟಿಗಳು ಅಚ್ಚಾದವು. ಲುಂಗಿ ಹಟಾವೋ ಎಂಬ ಕೂಗೆದ್ದಿತು. ಕಲ್ಲು ಬಿದ್ದದ್ದು ಉಡುಪಿ ಹೊಟೇಲುಗಳ ಮೇಲೆ. ಗಡಿಯ ಪ್ರಶ್ನೆಯಲ್ಲಿ 1967ರ ಮಹಾಜನ ವರದಿ ಬೆಳಗಾವಿ ಮೈಸೂರಿನಲ್ಲೇ ಇರಲಿ ಎಂದಿತ್ತು. 1969ರ ಫೆಬ್ರವರಿಯಲ್ಲಿ ಅದೇ ಕಾರಣಕ್ಕೆ ಊರು ಹೊತ್ತಿ ಉರಿದು ಐವತ್ತಕ್ಕೂ ಮಿಕ್ಕಿ ಜೀವಗಳು ಹೋದವು.

ಇಲ್ಲಿ ಒಂದು ಲೆಕ್ಕ ಹಾಕಬೇಕು. ಮರಾಠಿ ತರುಣನ ನಿರುದ್ಯೋಗ ಸತ್ಯ. ಆದರೆ ಹನ್ನೆರಡು ವರ್ಷಕ್ಕೆ ಊರು ಬಿಟ್ಟು ಬಂದು, ಮೋರಿಯಲ್ಲಿ ಕಪ್ಪು ಬಸಿ ತೊಳೆದು, ಮೇಜಿನ ಕೆಳಗೆ ಮಲಗಿದ ಮಾಣಿ ಯಾವ ಗುಮಾಸ್ತನ ಕುರ್ಚಿಯನ್ನು ಕಸಿದಿದ್ದನು? ಗಾಜು ಒಡೆದರೆ ಮಾಲಕನಿಗೆ ಒಂದು ತಿಂಗಳ ನಷ್ಟ. ಹೊಟೇಲು ಮುಚ್ಚಿದಷ್ಟು ದಿನ ಮಾಣಿಗೆ ಕೂಳೂ ಇಲ್ಲ, ನೆಲೆಯೂ ಇಲ್ಲ. ಬಡವನ ಸಿಟ್ಟು ಬಡವನ ಮೇಲೆಯೇ ಹರಿದರೆ ಮೇಲೆ ಕುಳಿತವರಿಗೆ ಅದಕ್ಕಿಂತ ಸುಖವಾದ ಕಾಲ ಬೇರೆ ಇಲ್ಲ. ಸಿಲೋನಿನಲ್ಲಿ ಆದದ್ದೂ ಅದೇ.

ಹೀಗಿದ್ದೂ ಮುಂಬಯಿ ಇನ್ನೊಂದು ಸಿಲೋನ್ ಆಗಲಿಲ್ಲ. ಅದಕ್ಕೆ ಕಾರಣಗಳಿವೆ.

ಮೊದಲನೆಯದು ಸಂವಿಧಾನ. ಅದರ 19ನೆಯ ವಿಧಿ ಭಾರತದ ಯಾವ ಮೂಲೆಯಲ್ಲಾದರೂ ಹೋಗಿ ನೆಲೆಸುವ ಹಕ್ಕನ್ನು ನಮಗೆ ಕೊಟ್ಟಿದೆ. 29 ಮತ್ತು 30ನೆಯ ವಿಧಿಗಳು ಅಲ್ಪಸಂಖ್ಯಾತರ ನುಡಿಯನ್ನೂ ಶಾಲೆಗಳನ್ನೂ ಕಾಯುತ್ತವೆ. 1956ರಲ್ಲಿ ಸೇರಿಸಿದ 350ಎ ವಿಧಿ, ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯಿನುಡಿಯಲ್ಲಿ ಸಿಗುವಂತೆ ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಎಷ್ಟೇ ಕೂಗೆದ್ದರೂ ನಮ್ಮ ಮತ ನಮ್ಮ ಕೈಯಲ್ಲಿ ಉಳಿಯಿತು. ಎರಡನೆಯದು, ನಮ್ಮಲ್ಲಿ ಭಾಷೆಗಳಿಗೆ ರಾಜ್ಯ ಕೊಟ್ಟರು. ತಡಮಾಡಿ, ರಕ್ತ ಹರಿದ ಮೇಲೆ ಕೊಟ್ಟರೂ ಕೊಟ್ಟರು. ಸಿಲೋನಿನಲ್ಲಿ ಕೊಟ್ಟ ಮಾತನ್ನು ಹರಿದು ಹಾಕಿದರು.

ಮೂರನೆಯದು ಕಾಮಗಾರರ ಒಕ್ಕಟ್ಟು. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾಮಗಾರರ ಸಂಘ ಕಟ್ಟಿದರು. ಅವರ ಹೋರಾಟದಿಂದ 1890ರಲ್ಲಿ ದೊರೆತ ಭಾನುವಾರದ ರಜೆ ಮರಾಠಿಯವನಿಗೊಂದು, ಕನ್ನಡದವನಿಗೊಂದು ಎಂದು ಬೇರೆ ಬೇರೆ ಬರಲಿಲ್ಲ. ನಮ್ಮ ದಕ್ಷಿಣ ಕನ್ನಡ ಮೂಲದ ಪಿ. ಡಿಮೆಲ್ಲೊ ಗೋದಿ ಕಾಮಗಾರರ ಮುಂದಾಳಾದರು. ಇಂದು ಬಂದರದ ಪಕ್ಕದ ದೊಡ್ಡ ರಸ್ತೆಗೆ ಅವರ ಹೆಸರಿದೆ. ಅವರ ಕೈಕೆಳಗೆ ಬೆಳೆದ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು ಹೊಟೇಲು ಕಾಮಗಾರರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದರು, ಮರಾಠಿಯಲ್ಲಿಯೇ ಸಭೆಗಳನ್ನು ಗೆದ್ದರು. 1967ರಲ್ಲಿ, ದಕ್ಷಿಣದವರ ವಿರುದ್ಧ ಕೂಗು ತಾರಕಕ್ಕೇರಿದ್ದ ಆ ಕಾಲದಲ್ಲಿಯೇ, ದಕ್ಷಿಣ ಮುಂಬಯಿಯ ಮತದಾರರು ಸ.ಕಾ. ಪಾಟೀಲರಂತಹ ಬಲಾಢ್ಯರನ್ನು ಸೋಲಿಸಿ ಈ ಮಂಗಳೂರಿನವರನ್ನು ಪಾರ್ಲಿಮೆಂಟಿಗೆ ಕಳುಹಿದರು. ಇದು ಸಣ್ಣ ಮಾತಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಕರೆಗೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಕೆಲಸ ಬಿಟ್ಟಾಗಲೂ ಹಸಿವು ಯಾರ ಭಾಷೆಯನ್ನೂ ಕೇಳಲಿಲ್ಲ. ಆ ಮುಷ್ಕರ ಸೋತಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಈಗ ಗಾಜಿನ ಗೋಪುರಗಳಿವೆ. ಆದರೆ ಕೂಡಿ ಸೋತವರು ಒಬ್ಬರನ್ನೊಬ್ಬರು ದೂರಲಿಲ್ಲ.

ನಾಲ್ಕನೆಯದು ನಮ್ಮ ಹಿರಿಯರ ನಡತೆ. ಅವರು ಮರಾಠಿ ಕಲಿತರು. ಗಣೇಶೋತ್ಸವದ ವರ್ಗಣಿ ಕೊಟ್ಟರು, ಮಂಡಳಿಯಲ್ಲಿ ದುಡಿದರು. ಅದರೊಡನೆ ಕನ್ನಡವನ್ನೂ ಬಿಡಲಿಲ್ಲ. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಹೊಟೇಲಿನ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳಾದವು; ದಿನವಿಡೀ ಮೇಜು ಒರೆಸಿದ ಕೈ ರಾತ್ರಿ ಸ್ಲೇಟು ಹಿಡಿಯಿತು. ಅಲ್ಲಿ ಮೆಟ್ರಿಕ್ ಮಾಡಿ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೊಟೇಲು ಹಾಕಿದವರು ನಿಮ್ಮ ಸಾಲಿನಲ್ಲೇ ಇದ್ದಾರೆ.

ಆದರೆ ಬಂಧುಗಳೇ, ನಮ್ಮನ್ನು ನಾವೇ ಹೊಗಳಿಕೊಂಡು ಈ ಮಾತು ಮುಗಿಸಿದರೆ ಅದು ಅರ್ಧಸತ್ಯವಾದೀತು. ಸಿಲೋನಿನಲ್ಲಿ ನಾವು ಯಾರ ಜಾಗದಲ್ಲಿದ್ದೇವೆ? ಮುಂಬಯಿಯಲ್ಲಿ ನಾವು ತಮಿಳು ಕೂಲಿಯ ಜಾಗದಲ್ಲಿದ್ದೇವೆ, ಸರಿ. ಬೆಂಗಳೂರಿನಲ್ಲಿ? ಅಲ್ಲಿ ನಾವು ಬಹುಸಂಖ್ಯಾತರು. 1991ರ ಡಿಸೆಂಬರಿನಲ್ಲಿ ಕಾವೇರಿಯ ಮಧ್ಯಂತರ ತೀರ್ಪಿನ ನೆಪದಲ್ಲಿ ಬೆಂಗಳೂರಿನಲ್ಲಿ ತಮಿಳರ ಗುಡಿಸಲುಗಳು ಸುಟ್ಟವು, ಕೂಲಿಗಳು ಮಕ್ಕಳನ್ನು ಎತ್ತಿಕೊಂಡು ಗಡಿ ದಾಟಿ ಓಡಿದರು. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಬಸ್ಸುಗಳು ಸುಟ್ಟವು. ಆ ಕೂಲಿಯೇನು ಕಾವೇರಿಯ ನೀರನ್ನು ಕದ್ದಿದ್ದನೇ? 1969ರಲ್ಲಿ ಮುಂಬಯಿಯ ಮಾಣಿ ಬೆಳಗಾವಿಯನ್ನು ಕದ್ದಿದ್ದಷ್ಟೇ ಅವನೂ ಕದ್ದಿದ್ದನು. ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಮರಾಠಿ ಮಕ್ಕಳ ಶಾಲೆಗೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಮಕ್ಕಳ ಶಾಲೆಗೂ ಒಂದೇ ಅಳತೆಗೋಲು ಇರಬೇಕು. ನಾವು ಇಲ್ಲಿ ಬೇಡುವುದನ್ನು ಅಲ್ಲಿ ಕೊಡಲು ನಮ್ಮವರಿಗೆ ಹೇಳದಿದ್ದರೆ ನಮ್ಮ ಬೇಡಿಕೆಗೆ ತೂಕವಿಲ್ಲ. 2022ರ ಡಿಸೆಂಬರಿನಲ್ಲಿ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದರು. ಆ ಬಸ್ಸುಗಳಲ್ಲಿ ಹಬ್ಬಕ್ಕೆ ಊರಿಗೆ ಹೋಗುವವರು ಮಂತ್ರಿಗಳಲ್ಲ, ನಾವು ನೀವು.

ಇನ್ನೂ ಹತ್ತಿರ ಬರೋಣ. ಇಂದು ಉಡುಪಿ ಹೊಟೇಲಿನ ಅಡಿಗೆಮನೆಗೆ ಹೋಗಿ ನೋಡಿ. ದೋಸೆ ಹುಯ್ಯುವವನು ಒಡಿಶಾದವನು, ಬಸಿ ತೊಳೆಯುವವನು ನೇಪಾಳದವನು, ಮೇಜು ಒರೆಸುವವನು ಬಿಹಾರದವನು. ಗಲ್ಲಾದ ಮೇಲೆ ನಮ್ಮವರು. 2008ರಲ್ಲಿ ರೈಲ್ವೆ ಪರೀಕ್ಷೆಗೆ ಬಂದ ಉತ್ತರದ ಹುಡುಗರನ್ನು ಈ ಊರಿನಲ್ಲಿ ಅಟ್ಟಾಡಿಸಿ ಹೊಡೆದರು. ಕೋಲು ಹಳೆಯದು, ಬೆನ್ನು ಮಾತ್ರ ಹೊಸದು. ನಮಗೀಗ ಬೀಳುತ್ತಿಲ್ಲವಲ್ಲ ಎಂದು ಸುಮ್ಮನಿರುವವನು ಜಾಫ್ನಾದ ಆ ಮುಂದಾಳುಗಳ ಕತೆಯನ್ನು ನೆನೆಯಬೇಕು. ತೋಟದ ಕೂಲಿಯ ಮನೆಯ ಬೆಂಕಿ ಅವರ ಗ್ರಂಥಾಲಯಕ್ಕೆ ಬರಲು ಮೂವತ್ತಮೂರು ವರ್ಷ ಹಿಡಿಯಿತು, ಅಷ್ಟೇ.

ಹಾಗಾದರೆ ನಾವು ಮಾಡಬೇಕಾದುದೇನು? ಮರಾಠಿಯನ್ನು ಯಾರೂ ಹೆದರಿಸುವ ಮೊದಲು ಪ್ರೀತಿಯಿಂದ ಕಲಿಯಬೇಕು. ಅನ್ನ ಕೊಟ್ಟ ನೆಲದ ನುಡಿ ಅದು. ಮನೆಯಲ್ಲಿ ಕನ್ನಡ ತುಳು ಕೊಂಕಣಿಗಳನ್ನು ಮಕ್ಕಳ ಬಾಯಲ್ಲಿ ಉಳಿಸಬೇಕು. ಮಕ್ಕಳಿಲ್ಲದೆ ಮುಚ್ಚುತ್ತಿರುವ ಕನ್ನಡ ಶಾಲೆಗಳನ್ನು ಬರೇ ಭಾಷಣದಿಂದ ಉಳಿಸಲಾಗದು. ಜಾತಿಗೊಂದು, ಜಿಲ್ಲೆಗೊಂದು ಸಂಘ ಇರಲಿ; ಆದರೆ ಪಗಾರ, ಪಾಳಿಯ ಗಂಟೆ, ಭವಿಷ್ಯ ನಿಧಿ, ಖೋಲಿ ಇವುಗಳ ಮಾತು ಬಂದಾಗ ನೇಪಾಳದ ಹುಡುಗನೂ ಒಡಿಶಾದ ಭಟ್ಟನೂ ಮರಾಠಿ ಹೆಣ್ಣುಮಗಳೂ ನಮ್ಮ ಪಕ್ಕದಲ್ಲೇ ಕೂರುವಂತಾಗಬೇಕು. ರಾತ್ರಿಶಾಲೆಯ ಉಪಕಾರ ಉಂಡವರು ಇಂದು ತಮ್ಮ ಹೊಟೇಲಿನ ಹುಡುಗನಿಗೆ ಅಕ್ಷರ ಕಲಿಯಲು ಎರಡು ಗಂಟೆ ಬಿಡುವು ಕೊಡಬೇಕು. ನಮ್ಮಲ್ಲಿ ಮಾಲಕರಾದವರು ಹಲವರಿದ್ದಾರೆ. ಈ ಮಾತು ಅವರಿಗೂ ತಲುಪಲಿ.

ನುಡಿ ತಾಯಿಯಂತೆ. ನಮ್ಮ ತಾಯಿಯನ್ನು ನಾವು ಪೂಜಿಸುವಾಗ ಇನ್ನೊಬ್ಬನ ತಾಯಿಯ ಮುಂದೆ ಬಾಗಿಲು ಹಾಕಬೇಕೆಂದು ಯಾವ ಧರ್ಮವೂ ಹೇಳಿಲ್ಲ. ಸಿಲೋನಿನವರು ಅದನ್ನು ತಿಳಿಯಲು ಅರುವತ್ತು ವರ್ಷ ತೆಗೆದುಕೊಂಡರು, ಲಕ್ಷ ಜೀವ ಕಳೆದುಕೊಂಡರು. ನಮಗೆ ಆ ವಿದ್ಯೆ ಪುಕ್ಕಟೆಯಾಗಿ ಸಿಕ್ಕಿದೆ. ಕಲಿಯದಿದ್ದರೆ ತಪ್ಪು ನಮ್ಮದೇ.